ತಾರಸಿಯ ಮಳೆನೀರು ಸಂಪಿನೊಳಗೆ, ಮಿಕ್ಕಿದ್ದು ಇಂಗುಬಾವಿಗೆ

ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಈ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿತು. ಹಂತ ಹೊಸದು, ನದಿ ಅದೇ. ಕೊಡಗಿನಲ್ಲಿ ಮಳೆ ಕೈಕೊಟ್ಟರೆ ಕನ್ನಂಬಾಡಿ ಕಟ್ಟೆ ತುಂಬುವುದಿಲ್ಲ. 2023ರಲ್ಲಿ ಹಾಗೇ ಆಯಿತು, ಮರುಬೇಸಿಗೆಯಲ್ಲಿ ನಗರದ ಎಷ್ಟೋ ಕೊಳವೆಬಾವಿಗಳೂ ಬತ್ತಿದವು. ಅದಕ್ಕೇ ಪ್ರತಿ ಮನೆಯೂ ತನ್ನ ತಾರಸಿಯ ನೀರನ್ನು ಹಿಡಿಯಲೇಬೇಕು ಎನ್ನುತ್ತೇನೆ.

ಮೊದಲು ಲೆಕ್ಕ. 30x40 ಸೈಟಿನಲ್ಲಿ 900 ಚದರಡಿ ತಾರಸಿ ಇದ್ದರೆ ಅದು ಸುಮಾರು 84 ಚದರ ಮೀಟರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು ಮಳೆ ಎಂದರೆ ಒಂದು ಲೀಟರು. ಸೋರಿಕೆ, ಆವಿ ಕಳೆದರೂ 25 ಮಿ.ಮೀ. ಮಳೆಗೆ ಸುಮಾರು 1,780 ಲೀಟರು ಸಿಗುತ್ತದೆ.

ಹೆಚ್ಚಿನ ಮನೆಗಳಲ್ಲಿ ವ್ಯವಸ್ಥೆ ಸೋಲುವುದು ಮೊದಲ ಮಳೆಯ ಕೊಳೆನೀರಿನಲ್ಲಿ. ಅದನ್ನು ಬೇರೆಯಾಗಿ ಹಿಡಿಯಲೆಂದು ಗೋಡೆಗೆ ಒಂದು ಮೀಟರು ನಾಲ್ಕಿಂಚು ಪೈಪು ನಿಲ್ಲಿಸಿ ಎಂಡ್ ಕ್ಯಾಪ್ ಹಾಕಿ ಹೋಗುತ್ತಾರೆ. ಅದರಲ್ಲಿ ಹಿಡಿಯುವುದು ಎಂಟೇ ಲೀಟರು. ಇಷ್ಟು ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದುಹೋಗಲು ಅರ್ಧ ಮಿಲಿಮೀಟರಾದರೂ, ಅಂದರೆ 40 ಲೀಟರಿಗೂ ಮೀರಿ ಬೇಕು. ನಾನು 50 ಲೀಟರಿನ ಡ್ರಮ್ಮನ್ನೇ ಜೋಡಿಸಿ, ತಳದಲ್ಲಿ ಮೂರು ಮಿಲಿಮೀಟರಿನ ತೂತು ಬಿಡುತ್ತೇನೆ. ಮಳೆ ನಿಂತ ಮೇಲೆ ಅದು ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧ. ತೂತಿನ ಒಳಬದಿಗೆ ಜಾಲರಿ ಕಟ್ಟದಿದ್ದರೆ ಒಂದೇ ಎಲೆ ಅದನ್ನು ಮುಚ್ಚಿಬಿಡುತ್ತದೆ.

ಫಿಲ್ಟರಿಗೆ 200 ಲೀಟರಿನ ಡ್ರಮ್. ತಳಕ್ಕೆ 40 ಎಂಎಂ ಜಲ್ಲಿ, ಮೇಲೆ 20 ಎಂಎಂ, ಆಮೇಲೆ ನೈಲಾನ್ ಜಾಲರಿ, ಅದರ ಮೇಲೆ ತೊಳೆದ ದಪ್ಪ ಮರಳು. ನುಣ್ಣನೆಯ ಮರಳು ಹಾಕಿದರೆ ಜೋರು ಮಳೆಯಲ್ಲಿ ನೀರು ಇಳಿಯದೆ ಡ್ರಮ್ಮು ಉಕ್ಕಿ ಎಲ್ಲ ಚರಂಡಿಗೆ ಹರಿಯುತ್ತದೆ.

ಫಿಲ್ಟರು ದಾಟಿದ ನೀರು ಸೇರುವ ನೆಲದಡಿಯ ತೊಟ್ಟಿ, ಅಂದರೆ ಸಂಪಿನಲ್ಲಿ ಜಾಗವೇ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಸಂಪು ತುಂಬಿದಾಗ ಕಾವೇರಿ ನೀರನ್ನು ನಿಲ್ಲಿಸುವ ಬಾಲ್ ವಾಲ್ವನ್ನು ಮಳೆಗಾಲದಲ್ಲಿ ಅರ್ಧ ಮಟ್ಟಕ್ಕೆ ಇಳಿಸಬೇಕು. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ. ಹೊರಹರಿವಿನ ಪೈಪು ಒಳಬರುವುದರಷ್ಟೇ ದಪ್ಪವಿರಲಿ, ಎರಡು ಇಂಚು ಕೆಳಗಿರಲಿ.

ಹೊರಹರಿವು ಸೇರುವುದು ಇಂಗುಬಾವಿಗೆ. ಮೂರಡಿ ವ್ಯಾಸ, ಇಪ್ಪತ್ತಡಿ ಆಳ ತೆಗೆದರೆ ಸುಮಾರು 4,000 ಲೀಟರು ಹಿಡಿಯುತ್ತದೆ. ಮುಂಗಾರಿಗೆ ಮುಂಚೆಯೇ ತೋಡಿಸಿ. ಮಣ್ಣು ನೆನೆದರೆ ಅಂಚು ಕುಸಿಯುತ್ತದೆ. ಈ ಕೆಲಸಕ್ಕೆ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರಿಗಿಂತ ಬಲ್ಲವರಿಲ್ಲ. ಬಾವಿಗೆ ಇಳಿಸುವ ಕಾಂಕ್ರೀಟು ರಿಂಗುಗಳ ನಡುವೆ ಸಿಮೆಂಟು ಬಳಿಯಬಾರದು, ಹೊರಸುತ್ತಿನ ಸಂದಿಗೆ ಜಲ್ಲಿ ತುಂಬಬೇಕು. ಬಾವಿಯ ಒಳಗೆ ಮಾತ್ರ ಜಲ್ಲಿ ಸುರಿಯಬೇಡಿ: ಅರ್ಧಕ್ಕಿಂತ ಹೆಚ್ಚು ಜಾಗ ಅದೇ ತಿನ್ನುತ್ತದೆ, ಹೂಳು ಕೂತರೆ ತೆಗೆಯಲು ಇಳಿಯುವ ದಾರಿಯೂ ಇರುವುದಿಲ್ಲ. ಪಾಯದಿಂದ ಐದಡಿಯಾದರೂ ದೂರವಿರಲಿ, ಒಳಚರಂಡಿ ಚೇಂಬರಿನ ಪಕ್ಕ ಖಂಡಿತ ಬೇಡ. ಕಾರು ತೊಳೆದ ನೀರು, ಅಂಗಳದ ಸೋಪಿನ ನೀರು ಇದಕ್ಕೆ ಸೇರಲೇಬಾರದು. ಅದು ನೇರ ಅಂತರ್ಜಲಕ್ಕೆ ಹೋಗುತ್ತದೆ.

ಮಳೆ ನಿಂತು ಎರಡು ಮೂರು ದಿನವಾದರೂ ಬಾವಿಯಲ್ಲಿ ನೀರು ಇಳಿಯದಿದ್ದರೆ ತಳದಲ್ಲಿ ಹೂಳು ಕಟ್ಟಿದೆ ಅಥವಾ ಜೇಡಿಮಣ್ಣಿನ ಪದರ ಸಿಕ್ಕಿದೆ. ಹೂಳಾದರೆ ಬೇಸಿಗೆಯಲ್ಲಿ ಎತ್ತಿಸಿ, ಜೇಡಿಯಾದರೆ ಅದನ್ನು ದಾಟುವವರೆಗೆ ಇನ್ನೂ ಕೆಲವು ಅಡಿ ಇಳಿಸಿ. ಒಳಗೆ ಆಳನ್ನು ಇಳಿಸುವ ಮುನ್ನ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಲಿ.