ಚಾರ್ಮಾಡಿಯಲ್ಲಿ ಮುಗ್ಗರಿಸಿದ ಕಾರು, ಥ್ರಾಟಲ್ ಸೆನ್ಸರ್‌ನ ಎರಡು ಸ್ಕ್ರೂ

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ತಿರುವಿನಲ್ಲಿ ಕಾಲು ತೆಗೆದು, ಸೆಕೆಂಡ್ ಗೇರಿಗೆ ಇಳಿಸಿ, ಮತ್ತೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಸತ್ತಂತಾಗುತ್ತಿತ್ತು. ಆಮೇಲೆ ಗಕ್ಕನೆ ಜಿಗಿಯುತ್ತಿತ್ತು. ಹಿಂದೆ ಬಸ್ಸು. ಪಕ್ಕದಲ್ಲಿ ಕೂತಿದ್ದ ಅಮ್ಮ ಕೊಟ್ಟಿಗೆಹಾರ ಬರುವವರೆಗೆ ಮಾತೇ ಆಡಲಿಲ್ಲ.

ನನ್ನದು ಹಳೆಯ ಎಂಪಿಎಫ್ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಪೆಟ್ರೋಲ್ ಕಾರು. ಗ್ಯಾರೇಜಿಗೆ ಕೊಟ್ಟೆ. ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದಾಯಿತು. ಮುಗ್ಗರಿಸುವುದು ಮಾತ್ರ ಹಾಗೇ ಉಳಿಯಿತು. "ಇನ್ನು ಇಂಜೆಕ್ಟರೇ ಬಿಚ್ಚಬೇಕು ಸಾರ್" ಅಂದರು. ಒಂದು ವಾರ ಇರಲಿ ಎಂದು ಗಾಡಿಯನ್ನು ಮನೆಗೆ ತಂದೆ.

ಆ ವಾರ ಓಡಿಸುವಾಗ ಗಮನವಿಟ್ಟು ನೋಡಿದೆ. ಪೂರ್ತಿ ಒತ್ತಿದಾಗ ಎಂಜಿನ್ ಚೆನ್ನಾಗಿಯೇ ಎಳೆಯುತ್ತಿತ್ತು. 60ರಲ್ಲಿ ಒಂದೇ ಸಮ ಹೋಗುವಾಗಲೂ ತೊಂದರೆ ಇಲ್ಲ. ಪೆಟ್ರೋಲ್ ಸಾಲದೇ ಇದ್ದಿದ್ದರೆ ಪೂರ್ತಿ ಒತ್ತಿದಾಗಲೇ ಮೊದಲು ಗೊತ್ತಾಗಬೇಕಿತ್ತು, ಅಲ್ವಾ? ಕಾಲು ಬಿಟ್ಟ ಸ್ಥಿತಿಯಿಂದ ಸ್ವಲ್ಪ ಒತ್ತುವ ಆ ಮೊದಲ ಚೂರಿನಲ್ಲಿ ಮಾತ್ರ ಎಡವುತ್ತಿತ್ತು. ಅನುಮಾನ ಥ್ರಾಟಲ್ ಪೊಸಿಷನ್ ಸೆನ್ಸರ್ ಮೇಲೆ ಹೋಯಿತು.

ಈ ಸೆನ್ಸರ್ ಹಳೆ ರೇಡಿಯೋದ ವಾಲ್ಯೂಮ್ ತಿರುಗಣೆಯ ಥರ. ಎಂಜಿನ್‌ಗೆ ಗಾಳಿ ಹೋಗುವ ದಾರಿಯಾದ ಥ್ರಾಟಲ್ ಬಾಡಿಯೊಳಗೆ, ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಗಾಳಿ ತಟ್ಟೆಯ ಜೊತೆಗೇ ತಿರುಗುತ್ತದೆ. ಮೂರು ವೈರ್: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಸಿಗ್ನಲ್. ತಟ್ಟೆ ಮುಚ್ಚಿದ್ದಾಗ ಸಿಗ್ನಲ್ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ನಾಲ್ಕರ ಮೇಲೆ. ಎಂಜಿನ್ ಕಂಪ್ಯೂಟರ್ ಇದನ್ನೇ ನಂಬುತ್ತದೆ. ಸಿಗ್ನಲ್ ಇರಬೇಕಾದ್ದಕ್ಕಿಂತ ಕಡಿಮೆ ಇದ್ದರೆ, ನಾವು ಒತ್ತಿದ ಮೇಲೂ ಅದಕ್ಕೆ ತಟ್ಟೆ ಮುಚ್ಚಿದಂತೆಯೇ ಕಾಣುತ್ತದೆ. ಗಾಳಿ ಒಳಗೆ ನುಗ್ಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ತಡವಾಗಿ ಬರುತ್ತದೆ. ಆ ತಡವೇ ಮುಗ್ಗರಿಕೆ.

ಭಾನುವಾರ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಕೂತೆ. ಮೊದಲು ಥ್ರಾಟಲ್ ಬಾಡಿಯ ಮಸಿಯನ್ನು ಕ್ಲೀನರ್ ಹಾಕಿ ಒರೆಸಿದೆ. ಅಂಚಿನಲ್ಲಿ ಮಸಿ ಕಟ್ಟಿದ್ದರೆ ತಟ್ಟೆ ಪೂರ್ತಿ ಮುಚ್ಚುವುದೇ ಇಲ್ಲ, ಆಗ ಅಳತೆಗೆ ಅರ್ಥವೇ ಇಲ್ಲ. ಆಕ್ಸಿಲರೇಟರ್ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಇದೆಯೇ ಎಂದೂ ನೋಡಿದೆ. ಆಮೇಲೆ ಕೀ ಆನ್, ಎಂಜಿನ್ ಆಫ್. ಕನೆಕ್ಟರ್ ಹಾಗೇ ಇರಲಿ, ಹಿಂಬದಿಯಿಂದ ತೆಳು ಗುಂಡುಸೂಜಿ ತೂರಿಸಿ ಅಳೆಯಬೇಕು. ವೈರಿನ ಸಿಪ್ಪೆಗೆ ಚುಚ್ಚಬೇಡಿ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಸೂಜಿಗಳು ಒಂದಕ್ಕೊಂದು ತಾಗಲೂಬಾರದು.

5 ವೋಲ್ಟ್ ವೈರಿನಲ್ಲಿ 5.01 ಬಂತು. ಅರ್ತ್ ಸರಿಯಿತ್ತು. ಸಿಗ್ನಲ್ 0.31. ನನ್ನ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದ್ದು 0.5ರ ಆಸುಪಾಸು.

ಟಾರ್ಚ್ ಹಾಕಿ ನೋಡಿದಾಗ ಕಾರಣವೂ ಸಿಕ್ಕಿತು. ಸೆನ್ಸರನ್ನು ಸ್ವಲ್ಪ ತಿರುಗಿಸಿ ಹೊಂದಿಸಲು ಆಗುವಂತೆ, ಅದನ್ನು ಹಿಡಿದಿರುವ ಎರಡು ಸ್ಕ್ರೂಗಳ ರಂಧ್ರ ಉದ್ದಕ್ಕಿರುತ್ತದೆ. ವಾಷರ್ ವರ್ಷಗಟ್ಟಲೆ ಕೂತಿದ್ದ ಹೊಳಪು ಗುರುತು ಒಂದು ಕಡೆ ಇತ್ತು, ಸ್ಕ್ರೂ ಅದರಿಂದ ಸ್ವಲ್ಪ ಸರಿದಿತ್ತು. ಹಿಂದೆ ಯಾರೋ ಬಿಚ್ಚಿ ಅಂದಾಜಿನಲ್ಲಿ ಬಿಗಿದಿದ್ದರು.

ತಿರುಗಿಸುವ ಮುಂಚೆ ಇನ್ನೊಂದು ಪರೀಕ್ಷೆ. ತಟ್ಟೆಯನ್ನು ಕೈಯಿಂದ ನಿಧಾನಕ್ಕೆ ತೆರೆಯುತ್ತಾ ಹೋದೆ. ಮುಳ್ಳಿನ ಮೀಟರ್ ಇದಕ್ಕೆ ಒಳ್ಳೆಯದು, ಡಿಜಿಟಲ್ ಮೀಟರಿಗೆ ಸಣ್ಣ ನೆಗೆತ ಕಾಣಿಸದೇ ಹೋಗಬಹುದು. ಮುಳ್ಳು ಎಲ್ಲೂ ಬೀಳದೆ ಒಂದೇ ಸಮ ಏರಿತು. ನಡುವೆ ಬಿದ್ದಿದ್ದರೆ ಒಳಗಿನ ಪಟ್ಟಿ ಸವೆದಿದೆ ಎಂದರ್ಥ. ಆಗ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಸ್ಕ್ರೂ ಎರಡನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸಿದೆ. ತಲೆಗೆ ಸರಿಯಾಗಿ ಕೂರುವ ಡ್ರೈವರ್ ಬೇಕು, ಮೆತ್ತನೆ ಸ್ಕ್ರೂ ಬೇಗ ಸವೆಯುತ್ತದೆ. ಮಗಳು ಡಿಜಿಟಲ್ ಮೀಟರ್ ಹಿಡಿದು ನಿಂತಳು. "ಅಪ್ಪಾ, ಪಾಯಿಂಟ್ ನಾಲ್ಕು ನಾಲ್ಕು... ನಾಲ್ಕು ಒಂಬತ್ತು... ಅಯ್ಯೋ, ಐದು ಏಳು." ಕೂದಲೆಳೆಯಷ್ಟು ಸರಿದರೂ ಅಂಕಿ ಓಡುತ್ತಿತ್ತು. 0.50ಕ್ಕೆ ತಂದು ಬಿಗಿದರೆ, ಬಿಗಿಯುವಾಗಲೇ ಸೆನ್ಸರ್ ತಿರುಗಿ 0.56 ಆಗುತ್ತಿತ್ತು. ನಾಲ್ಕನೇ ಸಲಕ್ಕೆ ದಾರಿ ಹೊಳೆಯಿತು. 0.45ರಲ್ಲಿ ಇಟ್ಟು, ಎರಡೂ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. 0.50ಕ್ಕೆ ಬಂದು ನಿಂತಿತು. ಥ್ರಾಟಲನ್ನು ಹತ್ತು ಸಲ ತೆರೆದು ಬಿಟ್ಟರೂ ಅಲ್ಲಿಗೇ ವಾಪಸ್ ಬಂತು.

ಪಕ್ಕದಲ್ಲೇ ಥ್ರಾಟಲ್ ಸ್ಟಾಪ್ ಸ್ಕ್ರೂ ಇರುತ್ತದೆ, ತಟ್ಟೆ ಮುಚ್ಚುವಾಗ ಎಲ್ಲಿ ನಿಲ್ಲಬೇಕೆಂದು ತಡೆಯುವುದು ಅದು. ದಯವಿಟ್ಟು ಅದನ್ನು ಮುಟ್ಟಬೇಡಿ. ಅದನ್ನು ತಿರುಗಿಸಿದರೂ ವೋಲ್ಟ್ ಬದಲಾಗುತ್ತದೆ ನಿಜ, ಆದರೆ ತಟ್ಟೆಯೇ ಜಾಗ ಬಿಡುತ್ತದೆ. ಐಡ್ಲಿಂಗ್ ಕೆಡುತ್ತದೆ.

ಬ್ಯಾಟರಿಯ ನೆಗೆಟಿವ್ ಅನ್ನು ಅರ್ಧ ಗಂಟೆ ತೆಗೆದಿಟ್ಟು ಮತ್ತೆ ಹಾಕಿದೆ, ಕಂಪ್ಯೂಟರ್ ಕಲಿತಿದ್ದ ಹಳೆಯ ಐಡ್ಲಿಂಗ್ ಲೆಕ್ಕ ಅಳಿಯಲಿ ಎಂದು. ಎಂಜಿನ್ ಬಿಸಿಯಾದ ಮೇಲೆ ನಮ್ಮ ಬೀದಿಯ ಏರಿನಲ್ಲೇ ನಿಲ್ಲಿಸಿ, ಮೆಲ್ಲಗೆ ಒತ್ತಿದೆ. ತಡವೇ ಇಲ್ಲದೆ ಎಳೆಯಿತು.

ಇದೆಲ್ಲ ಕೇಬಲ್ ಥ್ರಾಟಲ್ ಇರುವ, ಸ್ಕ್ರೂ ರಂಧ್ರ ಉದ್ದಕ್ಕಿರುವ ಗಾಡಿಗಳಿಗೆ ಮಾತ್ರ. ಈಗಿನ ಹೆಚ್ಚಿನ ಕಾರುಗಳಲ್ಲಿ ಕೇಬಲ್ಲೇ ಇಲ್ಲ, ತಟ್ಟೆಯನ್ನು ಮೋಟಾರ್ ತಿರುಗಿಸುತ್ತದೆ. ಅವುಗಳ ಸೆನ್ಸರ್ ಒಳಗೇ ಇರುತ್ತದೆ, ಕೈಯಿಂದ ಹೊಂದಿಸುವಂತಿಲ್ಲ. ಅಂಥ ಗಾಡಿಗೆ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ನಿಮ್ಮದು ಹಳೆಯ ಗಾಡಿಯೇ ಆದರೂ ನನ್ನ 0.50 ನಕಲು ಮಾಡಬೇಡಿ, ನಿಮ್ಮ ಮಾಡೆಲ್‌ನ ಅಂಕಿ ಹುಡುಕಿ. ಕೆಲವಕ್ಕೆ ವೋಲ್ಟ್ ಬದಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಓಮ್ಸ್, ಅಂದರೆ ವಿದ್ಯುತ್ ರೋಧ, ಅಳೆಯಲು ಹೇಳಿರುತ್ತಾರೆ.

ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಮತ್ತೆ ಚಾರ್ಮಾಡಿ ಹತ್ತಿದೆ. ಈ ಸಲ ದಾರಿಯುದ್ದಕ್ಕೂ ಮಾತಾಡಿದರು.