ಎರಡು ನೀರಿನ ನಡುವೆ ನಾಲ್ಕು ಪುಟ

ಶಿವರಾತ್ರಿ ಮುಗಿದ ಮರುದಿನ ನಮ್ಮ ಮಾಳಿಗೆ ಮೇಲೆ ಬೆಂಡೆ ಬೀಜ ಹಾಕಿದೆ. ಕಲಬುರಗಿಯಲ್ಲಿ ವಸಂತ ಎಷ್ಟು ದಿನ ಇರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಬೇವು ಚಿಗುರಿ ಹೂ ಬಿಡುವಷ್ಟರಲ್ಲಿ ಬಿಸಿಲು ನಲವತ್ತರ ಹತ್ತಿರ ಬಂದಿರುತ್ತದೆ. ಯೂಟ್ಯೂಬಿನಲ್ಲಿ ಬೆಂಗಳೂರಿನವರು ಮಾರ್ಚ್‌ನಲ್ಲಿ ಟೊಮ್ಯಾಟೊ ಹಚ್ಚುವುದನ್ನು ನೋಡಿ ನಾನೂ ಮೂರು ವರ್ಷ ಹಚ್ಚಿದ್ದೇ ಹಚ್ಚಿದ್ದು. ಗಿಡ ಸೊಂಟದೆತ್ತರ ಬೆಳೆಯುತ್ತಿತ್ತು, ಹಳದಿ ಹೂವೂ ತುಂಬ. ಏಪ್ರಿಲ್ ಬಂತೋ, ಹೂವೆಲ್ಲ ತೊಟ್ಟು ಸಮೇತ ಕೆಳಗೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮ್ಯಾಟೊ ಹೂವಿನ ಪರಾಗ ಕೆಡುತ್ತದೆ, ಕಾಯಿ ಕಟ್ಟುವುದಿಲ್ಲ. ಅದು ತಿಳಿಯದೆ ಗೊಬ್ಬರದ ಮೇಲೆ ಗೊಬ್ಬರ ಸುರಿದಿದ್ದೆ. ಈ ಸಲ ಟೊಮ್ಯಾಟೊಗೆ ದೂರದಿಂದಲೇ ಕೈ ಮುಗಿದೆ. ಬೆಂಡೆ, ಚವಳಿ, ಪುಂಡಿ, ರಾಜಗಿರಿ. ಇಷ್ಟೇ.

ಕುಂಡ ಅಂತ ದುಡ್ಡು ಕೊಟ್ಟು ತಂದದ್ದು ಕಡಿಮೆ. 20 ಲೀಟರಿನ ಪೇಂಟ್ ಡಬ್ಬಿಗಳೇ ಜಾಸ್ತಿ. ತಳಕ್ಕೆ ನಾಲ್ಕು ತೂತು ಕೊರೆದು, ಕೆಳಗೆ ಎರಡೆರಡು ಇಟ್ಟಂಗಿ ಇಟ್ಟಿದ್ದೇನೆ. ಇಟ್ಟಂಗಿ ಇಡದಿದ್ದರೆ ಮಧ್ಯಾಹ್ನ ಸ್ಲ್ಯಾಬಿನ ಕಾವು ಬೇರಿಗೆ ನೇರ ತಾಗುತ್ತದೆ. ಬರಿಗಾಲಲ್ಲಿ ಎರಡು ಗಂಟೆಗೆ ಮಾಳಿಗೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಮಣ್ಣು. ನಮ್ಮದು ಎರೆ ಮಣ್ಣು. ಹೊಲದಲ್ಲಿ ಅದು ಬಂಗಾರ, ಡಬ್ಬಿಯಲ್ಲಿ ಮಾತ್ರ ಅದರ ಆಟವೇ ಬೇರೆ. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಡಬ್ಬಿಯ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ, ಸುತ್ತಲೂ ಒಂದು ಬೆರಳು ಹೋಗುವಷ್ಟು ಸಂದು. ನಾನು ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಸುರಿಯುತ್ತಿದ್ದೆ, ಕೆಳಗಿನ ತೂತಿಂದ ನೀರು ಹರಿಯುತ್ತಿತ್ತು, ಸಾಕಾಯಿತು ಅಂದುಕೊಂಡು ಇಳಿದುಬರುತ್ತಿದ್ದೆ. ಗಿಡ ಮಾತ್ರ ಬಾಡುತ್ತಿತ್ತು. ಒಂದು ದಿನ ಹಾಲು ಹಾಕುವ ಕಾಕಾ ಗೊಬ್ಬರದ ಚೀಲ ಹೊತ್ತು ಮೇಲೆ ಬಂದವರು ನಿಂತು ನೋಡಿದರು.

“ಅಕ್ಕೋರೆ, ನೀರು ಮಣ್ಣಿಗಿ ಎಲ್ಲಿ ಹೋಗ್ಯಾವ? ಸಂದಿಗುಂಟ ಹೋಗ್ಯಾವ ನೋಡ್ರಿ.”

ಒಂದು ಡಬ್ಬಿ ಬೋರಲು ಹಾಕಿ ತೋರಿಸಿದರು. ಮೇಲೆ ಅರ್ಧ ಇಂಚು ಹಸಿ. ಒಳಗೆ ಮಣ್ಣಿನ ಹೆಂಟೆ ಕಲ್ಲಿನಂತೆ ಒಣಗಿತ್ತು, ಬೇರು ಅದರ ಸುತ್ತ ನೂಲಿನಂತೆ ಸುತ್ತಿಕೊಂಡಿತ್ತು. “ಮದ್ಲ ಜರಾ ನೀರು ಕುಡಸ್ರಿ, ಮಣ್ಣು ಉಬ್ಬಲಿ. ಆಮ್ಯಾಲ ಹೊಟ್ಟಿತುಂಬ ಹಾಕ್ರಿ” ಅಂದರು.

ಅಂದಿನಿಂದ ಎರಡು ನೀರು. ಮೊದಲು ಡಬ್ಬಿಗೆ ಅರ್ಧ ಚೊಂಬು, ನಿಧಾನಕ್ಕೆ, ಸುತ್ತ ತಿರುಗಿಸಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ಸಂದು ತಕ್ಕಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ತುಂಬ ನೀರು. ಮುಂದಿನ ಹಂಗಾಮಿಗೆ ಮಣ್ಣೂ ಬದಲಿಸಿದೆ: ಎರೆ ಮಣ್ಣು ಒಂದು ಪಾಲು, ಬೀದರ್ ಕಡೆಯಿಂದ ಪರಿಚಯದವರು ತಂದುಕೊಟ್ಟ ಕೆಂಪು ಮಣ್ಣು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಹಳೇ ಗೊಬ್ಬರ ಅಂತ ಒತ್ತಿ ಹೇಳುತ್ತೇನೆ. ಹೋದ ವರ್ಷ ಅವಸರಕ್ಕೆ ಹಸಿ ಸಗಣಿ ಕಲಸಿದೆ. ಡಬ್ಬಿ ಒಳಗೇ ಕಾವು ಹುಟ್ಟಿ ಬೇರು ಬೆಂದವು. ಉಳಿದದ್ದನ್ನು ಗೊಣ್ಣೆ ಹುಳ ತಿಂದವು.

ಆ ಹದಿನೈದು ನಿಮಿಷ ಏನು ಮಾಡೋದು? ಕೆಳಗಿಳಿದರೆ ಒಲೆ ಮುಂದೆ ನಿಲ್ಲುವ ಕೆಲಸ, ಎರಡನೇ ನೀರು ಮರೆತೇಹೋಗುತ್ತದೆ. ಮೊಬೈಲ್ ಹಿಡಿದರೂ ಅಷ್ಟೇ. ಹಾಗಾಗಿ ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಸ್ಟೂಲ್ ಇಟ್ಟು ಪುಸ್ತಕ ಒಯ್ಯತೊಡಗಿದೆ.

ಮೊದಲು ಒಯ್ದದ್ದು ಗೀತಾ ನಾಗಭೂಷಣ ಅವರ ‘ಬದುಕು’. 2020ರ ಫೆಬ್ರವರಿಯಲ್ಲಿ ನಮ್ಮೂರಲ್ಲೇ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆಗ ಮಳಿಗೆಯಲ್ಲಿ ಕೊಂಡದ್ದು. ನಮ್ಮ ಜಿಲ್ಲೆಯವರು, 2004ರಲ್ಲಿ ಇದೇ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಅಂತ ಅಭಿಮಾನದಿಂದ ತಂದು ಕಪಾಟಿನಲ್ಲಿಟ್ಟೆ. ಅಭಿಮಾನ ಅಲ್ಲಿಗೇ ನಿಂತಿತ್ತು. ಅದೇ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಒಮ್ಮೆ ತೆಗೆದು ಧೂಳು ಒರೆಸಿ ಮತ್ತೆ ಇಟ್ಟಿದ್ದೆ. ದಪ್ಪ ಪುಸ್ತಕ ಅಂದರೆ ಪುರುಸೊತ್ತು ಮಾಡಿಕೊಂಡೇ ಓದಬೇಕು ಅನ್ನುವ ತಪ್ಪು ಲೆಕ್ಕ ನನ್ನದು. ದಿನಕ್ಕೆ ನಾಲ್ಕು ಪುಟ, ನಾಲ್ಕೇ ಪುಟ, ಹಾಗೇ ಸಾಗಿತು.

ಸಾಗಿಸಿದ್ದು ಅದರ ಮಾತು. ಓಣಿಯ ಜನ ನಮ್ಮ ಕಡೆಯ ಮಾತಿನಲ್ಲೇ ಬೈಯುತ್ತಾರೆ, ಅಳುತ್ತಾರೆ, ನಗುತ್ತಾರೆ. ಒಂದು ದಿನ ಯಾಕೋ ಜೋರಾಗಿ ಓದಿಬಿಟ್ಟೆ. ನಮ್ಮ ಅತ್ತೆ ಆಚೆ ಮೂಲೆಯಲ್ಲಿ ಹಪ್ಪಳ ಒಣಹಾಕುತ್ತಿದ್ದರು. ಅವರಿಗೆ ಓದು ಬರಹ ಇಲ್ಲ. ಕೈ ನಿಲ್ಲಿಸಿ ಕೇಳಿದರು.

“ಇವರು ನಮ್ಮಂಗೇ ಮಾತಾಡ್ತಾರಲ್ಲವಾ! ಬುಕ್ಕಿನ್ಯಾಗ ಹಿಂಗೂ ಬರೀತಾರೇನು?”

ನಾನು 22 ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ‘ಹೋಗ್ಯಾನ’ ಅಂತ ಬರೆದ ಮಗುವಿಗೆ ಕೆಂಪು ಗೆರೆ ಎಳೆದದ್ದು ಎಷ್ಟೋ ಸಲ. ಅತ್ತೆಗೆ ಸುಮ್ನೆ ಹೂಂ ಅಂದೆ.

ಮಧ್ಯೆ ಒಂದಷ್ಟು ದಿನ ‘ಕವಿರಾಜಮಾರ್ಗ’ ಹಿಡಿದೆ, ಹೊಸಗನ್ನಡ ಅರ್ಥ ಇರುವ ಪ್ರತಿ. ದಿನಕ್ಕೆ ಎರಡು ಪದ್ಯ ಆದರೆ ಹೆಚ್ಚು. 9ನೇ ಶತಮಾನದ್ದು, ನಮಗೆ ಸಿಕ್ಕ ಕನ್ನಡ ಕೃತಿಗಳಲ್ಲಿ ಎಲ್ಲಕ್ಕಿಂತ ಹಳೆಯದು, ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಆ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ದಾರಿಯ ಮಳಖೇಡ, ಕಾಗಿಣಾ ದಂಡೆ. ಆದರೆ ತಿರುಳುಗನ್ನಡದ, ಅಂದರೆ ಅಪ್ಪಟ ಕನ್ನಡದ, ಸೀಮೆ ಯಾವುದು ಅಂತ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಅಂತ ಎಣಿಸುತ್ತಾರೆ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸುತ್ತ. ರಾಜ ಕೂತಿದ್ದ ಊರಿನ ಹೆಸರು ಆ ಪಟ್ಟಿಯಲ್ಲಿಲ್ಲ. ನಮ್ಮ ಕನ್ನಡದ ಮೇಲೆ ಅನುಮಾನ ಆಗಿನಿಂದಲೇ ಇತ್ತು ಅಂತಾಯಿತು, ಅಲ್ವಾ?

ಮತ್ತೆ ಗಿಡಕ್ಕೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಗಿಡದ ಕೆಲಸವೂ ಏಳೂವರೆಯೊಳಗೆ ಮುಗಿಯಬೇಕು. ಮಣ್ಣಿನ ಮೇಲೆ ತೊಗರಿ ಹೊಟ್ಟು ಎರಡು ಇಂಚು ಹರಡಿದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಹೊಟ್ಟನ್ನು ಯಾರೂ ಕೇಳಲಿಲ್ಲ. ನನಗಂತೂ ಅದೇ ದೊಡ್ಡ ಉಪಕಾರ. ಹೊಟ್ಟು ಹಾಕಿದ ಡಬ್ಬಿಗೆ ಸಂಜೆ ನೀರು ಬೇಡ, ಹಾಕದ ಡಬ್ಬಿಗೆ ಬೇಕೇ ಬೇಕು. ತೊಗರಿ ಕಟ್ಟಿಗೆ ನೆಟ್ಟು, ಪಡುವಣ ದಿಕ್ಕಿಗೆ ಹಳೇ ಕಾಟನ್ ಸೀರೆ ಕಟ್ಟಿದೆ. ಎರಡರಿಂದ ಐದರ ಬಿಸಿಲೇ ಗಿಡ ಕೊಲ್ಲುವುದು. ಬೆಂಡೆಗೆ ನೆರಳು ಬೇಕಿಲ್ಲ, ರಾಜಗಿರಿಗೆ ಬೇಕು.

ಇನ್ನೊಂದು ಪೆದ್ದುತನ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಹೋಗುವ ನೀರು ಹಾಳು ಮಾಡಬೇಡಿ, ಗಿಡಕ್ಕೆ ಹಾಕಿ ಅಂತ ಯಾರೋ ಹೇಳಿದ್ದರು. ಹಾಕಿದೆ. ನಮ್ಮ ಬೋರ್ ನೀರೇ ಉಪ್ಪು, ಫಿಲ್ಟರ್ ಬಿಟ್ಟ ನೀರಲ್ಲಿ ಆ ಉಪ್ಪು ಇನ್ನೂ ಜಾಸ್ತಿ. ಎಲೆಯ ಅಂಚು ಸುಟ್ಟಂತಾಗಿ, ಡಬ್ಬಿಯ ಬಾಯಿಗೆ ಬಿಳೀ ಪುಡಿ ಕಟ್ಟಿತು. ಆ ನೀರು ಈಗ ಬಚ್ಚಲು ತೊಳೆಯಲಿಕ್ಕೆ.

ಏಪ್ರಿಲ್ ಎರಡನೇ ವಾರ ಮೊದಲ ಬೆಂಡೆ ಕಿತ್ತೆ, ಆರು ಕಾಯಿ. ಆಮೇಲೆ ದಿನ ಬಿಟ್ಟು ದಿನ ಕಾಲು ಕಿಲೋ ಆಸುಪಾಸು. ಒಂದು ದಿನ ತಡವಾದರೂ ನಾರು ಬರುತ್ತದೆ, ತುದಿ ಮುರಿದರೆ ಟಕ್ ಅನ್ನಬೇಕು. ಪುಂಡಿ ಪಲ್ಯಕ್ಕಂತೂ ನಾಲ್ಕು ಡಬ್ಬಿ ಸಾಲಲಿಲ್ಲ, ಜೋಳದ ರೊಟ್ಟಿ ಜೊತೆ ಎಷ್ಟಿದ್ದರೂ ಖಾಲಿ.

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಮೇಲೆ ಹೋಗುವಷ್ಟರಲ್ಲಿ ಅತ್ತೆ ಆಗಲೇ ಚೊಂಬು ಹಿಡಿದು ನಿಂತಿದ್ದರು. ಡಬ್ಬಿಗಳೆಲ್ಲ ಹಸಿಯಾಗಿದ್ದವು. “ಮದಲ್ನೇ ನೀರು ನಾ ಹಾಕೀನಿ. ನೀ ಓದು” ಅಂದರು. ಓದಿದೆ. ನಾಲ್ಕು ಪುಟ ಅಂತ ಶುರುವಾದದ್ದು ಹತ್ತೊಂಬತ್ತಾಯಿತು, ಅಷ್ಟರಲ್ಲಿ ಟ್ಯಾಂಕಿನ ನೆರಳು ನಮ್ಮ ಕಾಲು ಬಿಟ್ಟು ಸರಿದಿತ್ತು. ಎರಡನೇ ನೀರು ಇಬ್ಬರೂ ಮರೆತೆವು. ಸಂಜೆ ಹೋಗಿ ನೋಡಿದರೆ ರಾಜಗಿರಿ ಪೂರ್ತಿ ಮಲಗಿತ್ತು.