ಸಹಿಗೆ ಮುಂಚಿನ ಮಾತು

ಜಿಲ್ಲಾ ಕೇಂದ್ರವೊಂದರಲ್ಲಿ ಶಸ್ತ್ರಚಿಕಿತ್ಸಕನಾಗಿರುವ ನಾನು, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿಯನ್ನು ಬಿಟ್ಟು, ತುರ್ತಲ್ಲದ ಪ್ರಕರಣಗಳಲ್ಲೆಲ್ಲ ಹಿಂದಿನ ಸಂಜೆಯೇ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ಕುಳಿತು ಮಾತನಾಡುತ್ತೇನೆ. ನಿಂತಿರುವ ಡಾಕ್ಟರನ್ನು ನಮ್ಮ ಜನ ಪ್ರಶ್ನೆ ಕೇಳುವುದು ಕಡಿಮೆ.

ಪಿತ್ತಕೋಶದ ಕಲ್ಲಿಗೆ ಮಾಡುವ ಲ್ಯಾಪ್ರೋಸ್ಕೋಪಿಯನ್ನೇ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಕ್ಯಾಮೆರಾದ ನೆರವಿನಿಂದ ನಡೆಸುವ ಶಸ್ತ್ರಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಕಲ್ಲನ್ನಷ್ಟೇ ತೆಗೆಯುತ್ತಾರೆಂದು ನಂಬಿ ಬಂದವರೇ ಹೆಚ್ಚಾದ್ದರಿಂದ, ಪಿತ್ತಕೋಶವನ್ನೇ ತೆಗೆಯುತ್ತೇವೆ, ಅದಿಲ್ಲದೆಯೂ ಉಂಡದ್ದು ಜೀರ್ಣವಾಗುತ್ತದೆ ಎಂಬಲ್ಲಿಂದ ಆರಂಭಿಸುತ್ತೇನೆ. ಪಿತ್ತಕೋಶ ಸುತ್ತಲಿನ ಭಾಗಗಳಿಗೆ ವಿಪರೀತ ಅಂಟಿಕೊಂಡಿದ್ದರೆ ಅಥವಾ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಸಣ್ಣ ರಂಧ್ರಗಳ ಬದಲು ಹೊಟ್ಟೆಯನ್ನೇ ತೆರೆಯಬೇಕಾಗಬಹುದೆಂದೂ, ಸಾವಿರಕ್ಕೆ ಮೂರರಿಂದ ಐದು ಮಂದಿಗೆ ಪಿತ್ತನಾಳಕ್ಕೆ ಗಾಯವಾಗುವುದುಂಟೆಂದೂ ಮುಚ್ಚಿಡದೆ ಹೇಳುತ್ತೇನೆ. ಇದನ್ನು ಕೇಳಿ ರೋಗಿ ಹೆದರಿ ಹೋಗಿಬಿಡುತ್ತಾರೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ಹೋದವರು ವಿರಳ, ಮತ್ತು ಹೋಗುವುದು ಅವರ ಹಕ್ಕು.

‘ಅರ್ಥವಾಯಿತೇ?’ ಎಂದು ನಾನು ಕೇಳುವುದಿಲ್ಲ, ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ‘ನೋಡಲು ಬಂದ ತಂಗಿ ನಾಳೆ ಏನು ಮಾಡ್ತಾರಂತೆ ಎಂದರೆ ಏನು ಹೇಳುತ್ತೀರಿ?’ ಎಂದು ಕೇಳುತ್ತೇನೆ. ಅವರು ಹೇಳುವುದರಲ್ಲಿ ಬಿಟ್ಟುಹೋದದ್ದು ಎದ್ದು ಕಾಣುತ್ತದೆ. ಅದನ್ನಷ್ಟೇ ಮತ್ತೆ ವಿವರಿಸುತ್ತೇನೆ.

ಕಷ್ಟವಿರುವುದು ‘ನನಗೇನು ತಿಳಿಯುತ್ತೆ, ಮಗನನ್ನು ಕೇಳಿ’ ಎನ್ನುವವರ ಜೊತೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆಗೆ ಒಳಗಾಗಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಾಪಾಯವಿಲ್ಲದಿರುವಾಗ, ತಾನೇ ನಿರ್ಧರಿಸಬಲ್ಲ ವಯಸ್ಕರ ಬದಲಿಗೆ ಬಂಧುಗಳು ಕೊಟ್ಟ ಅಂಥ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಆದರೆ ನನ್ನೆದುರಿನ ರೋಗಿ ‘ಮಗನನ್ನು ಕೇಳಿ’ ಎನ್ನುವ ತಾಯಿಯಾದರೆ, ಮಗನ ಮೇಲೆ ಭಾರ ಹಾಕುವುದೂ ಆಕೆಯೇ ಮಾಡಿದ ಆಯ್ಕೆ. ಅದನ್ನು ಕಾನೂನಿನ ಹೆಸರಿನಲ್ಲಿ ಕಿತ್ತುಕೊಳ್ಳುವುದು ನನಗೆ ಸರಿಕಾಣದು. ಆದ್ದರಿಂದ ಆಕೆಯ ಅನುಮತಿ ಪಡೆದು ಮಗನನ್ನು ಕರೆಸಿ, ಆಕೆಯ ಎದುರಿಗೇ, ಆಕೆಯನ್ನೇ ನೋಡುತ್ತ ಎಲ್ಲವನ್ನೂ ಹೇಳುತ್ತೇನೆ. ಸಹಿಯೋ ಹೆಬ್ಬೆಟ್ಟೋ ಆಕೆಯದೇ ಇರುತ್ತದೆ, ಮಗ ಸಾಕ್ಷಿಯಾಗಿ ಸಹಿ ಹಾಕುತ್ತಾನೆ.

ಯೋಚಿಸಬೇಕೆಂದು ಮನೆಗೆ ಹೊರಟವರಿಗೆ, ಜ್ವರ, ಕಾಮಾಲೆ ಅಥವಾ ಬಿಡದ ನೋವು ಕಂಡರೆ ರಾತ್ರಿಯೆನ್ನದೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು, ಕೇಸ್ ಶೀಟಿನಲ್ಲೂ ಅದನ್ನು ದಾಖಲಿಸುತ್ತೇನೆ.